ಅತ್ತೆ ಕೂರದ ಸೀಟು

ಜಯಮ್ಮತ್ತೆ ಬಸ್ಸಿನಲ್ಲಿ ಕೂರುತ್ತಿರಲಿಲ್ಲ. ಹೊಂಗನೂರಿನಲ್ಲಿ ಹತ್ತಿದರೆ ಚನ್ನಪಟ್ಟಣದವರೆಗೂ ಕಂಬಿ ಹಿಡಿದು ನಿಂತೇ ಇರುತ್ತಿದ್ದರು. ಸೀಟು ಖಾಲಿಯಿದ್ದರೂ ಅಷ್ಟೇ. "ಕೂತ್ರೆ ಪಕ್ಕದೋರು ಒಸಿ ಸರೀತಾರಲ್ಲ, ಆ ಸರಿಯೋದ ನೋಡಕ್ಕಾಗಲ್ಲ ಕಣವ್ವ," ಎಂದಿದ್ದರು ಒಮ್ಮೆ. ನಗುತ್ತ ಹೇಳಿದರೆಂದು ನನ್ನ ನೆನಪು. ಇಂಥ ಕಡೆ ನೆನಪು ತಾನೇ ನಗುವನ್ನು ಸೇರಿಸಿಬಿಡುತ್ತದೆ, ಪೂರ್ತಿ ನಂಬಲಾರೆ.

ಅವರು ನನ್ನ ಅಪ್ಪನ ತಂಗಿ. ಅಜ್ಜಿಯದು ದಪ್ಪ ಮೈ. ಅದು ಅತ್ತೆಗೆ ಬಂತು, ಅವರಿಂದ ಮಗಳು ಲತಾಳಿಗೆ. ಅಪ್ಪನ ಕಡೆಯಿಂದ ನನಗೂ. ಆಗ ಯಾರೂ ಅದನ್ನು ಹಾಗೆ ಜೋಡಿಸಿ ನೋಡಿರಲಿಲ್ಲ.

ಬಿಡದಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಗಂಡ ತೀರಿಕೊಂಡ ಮೇಲೆ ಅತ್ತೆ ಅಲ್ಲೊಂದು ಕ್ಯಾಂಟೀನಿನಲ್ಲಿ ಮುದ್ದೆ ಕಟ್ಟುವ ಕೆಲಸಕ್ಕೆ ಸೇರಿದ್ದರು. ಅಡುಗೆಯವರು ಕೊನೆಗೆ, ಒಳಗೇ ಕೂತು ಉಣ್ಣುವುದು ಅಲ್ಲಿನ ರೂಢಿ. ಅತ್ತೆ ಮಾತ್ರ ತಟ್ಟೆ ಹಿಡಿದು ಹೊರಗೆ ಬಂದು, ಎಲ್ಲರ ನಡುವಿನ ಮೇಜಿನಲ್ಲಿ ಅರ್ಧ ಮುದ್ದೆ ಉಣ್ಣುತ್ತಿದ್ದರು. "ಒಳಗೆ ಉಂಡ್ರೆ ಹಂಡೆ ಖಾಲಿ ಮಾಡ್ಬುಟ್ಲು ಅಂತಾರೆ. ಕಣ್ಣಾರೆ ನೋಡ್ಕಳ್ಳಿ." ಆದರೂ ಬಡಿಸುವ ಹೆಂಗಸರು ಬಿಡುತ್ತಿರಲಿಲ್ಲ: "ಇದು ತೋರ್ಸಕ್ಕೆ. ಅಸಲಿ ಊಟ ಮನೇಲೈತೆ ಬುಡು."

ಹೈಸ್ಕೂಲಿನಲ್ಲಿ ಲತಾಳಿಗೂ ಅಂಥದೇ ಮಾತು ಶುರುವಾದಾಗ ಅತ್ತೆ ಹೆದರಿದರು. ಮಗಳ ರಾತ್ರಿಯ ಮುದ್ದೆ ನಿಲ್ಲಿಸಿ ಬರೀ ಮಜ್ಜಿಗೆ ಕೊಡತೊಡಗಿದರು. "ನಾ ಕೇಳಿದ್ ಮಾತ ನನ್ ಮಗ್ಳು ಕೇಳ್ಬಾರ್ದು." ಒಂದು ಬೆಳಿಗ್ಗೆ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದ ಹುಡುಗಿ ತಲೆ ಸುತ್ತಿ ಬಿದ್ದಳು. ಹುಳಕ್ಕೆ ಒಂದು ಹೊತ್ತೂ ತಪ್ಪಿಸದ ಮನೆ ಅದು.

ಚನ್ನಪಟ್ಟಣದ ಡಾಕ್ಟರ ಬಳಿಗೆ ನಾನೂ ಜೊತೆಗೆ ಹೋಗಿದ್ದೆ. ಆಕೆ ಅಜ್ಜಿಯ ಮೈ ಹೇಗಿತ್ತು, ನನ್ನ ಅಪ್ಪನದು ಹೇಗೆ ಎಂದೆಲ್ಲ ವಿಚಾರಿಸಿ ಹೇಳಿದರು: "ಕೆಲವು ವಂಶದಲ್ಲಿ ಮೈ ಬೇಗ ತುಂಬಿಕೊಳ್ಳುತ್ತಮ್ಮ. ಹುಟ್ಟಿನಿಂದಲೇ ಬಂದಿರೋದು, ಹುಡುಗಿ ತಪ್ಪಲ್ಲ. ಊಟ ಹಿತಮಿತವಾಗಿರಲಿ, ಓಡಾಡಲಿ. ಉಪವಾಸ ಮಾತ್ರ ಕೆಡವಬೇಡಿ."

ಅತ್ತೆ ಸೆರಗಿನ ತುದಿ ಸುತ್ತುತ್ತ ಕೂತಿದ್ದರು. ಆಮೇಲೆ ಮೆಲ್ಲಗೆ, "ಅಂಗಾರೆ ನಾನೂ ಕದ್ದು ತಿಂದಿಲ್ಲ ಅಲ್ವಾ ತಾಯಿ?" ಎಂದರು.

ತಾವು ಉಂಡದ್ದು ತಮಗೇ ಗೊತ್ತಿದ್ದವರು ಅದನ್ನು ಇನ್ನೊಬ್ಬರನ್ನು ಯಾಕೆ ಕೇಳಿದರು? ಅತ್ತೆಯ ಆ ಒಂದು ಮಾತನ್ನು ನಾನು ಕಲ್ಪಿಸಿಕೊಂಡಿಲ್ಲ. ಅಂದು ರಾತ್ರಿ ಲತಾಳ ತಟ್ಟೆಗೆ ಮುದ್ದೆ ಬಂತು.

ತೀರಿಕೊಳ್ಳುವ ಮೊದಲು ಅವರನ್ನು ಕೊನೆಯ ಸಲ ಕಂಡದ್ದು ಅದೇ ಬಸ್ಸಿನಲ್ಲಿ. ಅತ್ತೆ ಕೂತಿದ್ದರು. ಕಾಲುನೋವಿಗೆ ಕೂತಿದ್ದರೋ, ಡಾಕ್ಟರ ಆ ಮಾತಿನ ಬಲಕ್ಕೋ, ಕೇಳಲಿಲ್ಲ. ನಾನು ಕಂಬಿ ಹಿಡಿದು ನಿಂತಿದ್ದೆ. ಅವರು ಪಕ್ಕದ ಸೀಟು ತಟ್ಟಿದರು.

"ಬಾರವ್ವ. ಇಬ್ರುದೂ ಒಂದೇ ಮೈ. ಯಾರ್ಗೆ ಯಾರು ಸರೀಬೇಕು?"

ಚನ್ನಪಟ್ಟಣದವರೆಗೂ ಒಬ್ಬರಿಗೊಬ್ಬರು ಒತ್ತಿಕೊಂಡೇ ಕೂತು ಹೋದೆವು.