ಯಾರ ಎಡಗಡೆ?

ಬೇರೆಯವರ ಮನೆಗೆ ಹೋದಾಗ ದೀಪ ಹಾಕುವ ಕೆಲಸವನ್ನು ನನಗೆ ಹೇಳಬೇಡಿ. ಬಚ್ಚಲಿನ ದೀಪಕ್ಕೆಂದು ಒತ್ತಿದರೆ ಪಡಸಾಲೆಯ ಫ್ಯಾನು ತಿರುಗುತ್ತದೆ. ಫ್ಯಾನು ನಿಲ್ಲಿಸಲು ಹೋದರೆ ಪೇಪರು ಓದುತ್ತಿದ್ದ ಯಜಮಾನರು ಕತ್ತಲಲ್ಲಿ ಕೂರುತ್ತಾರೆ. ಒಂದೊಂದು ಮನೆಯ ಗುಂಡಿಗಳಿಗೂ ಒಂದೊಂದು ವರಸೆ ಯಾಕಿರಬೇಕೋ! ಹೀಗೆ ಗೊಣಗುವಾಗೆಲ್ಲ ನನಗೆ ಇಬ್ಬರು ನೆನಪಾಗುತ್ತಾರೆ, ಮನಸ್ಸು ತಣ್ಣಗಾಗುತ್ತದೆ.

ಕಾಲುವೆ ನೀರು ಕಂಡ ಮೇಲೆ ನಮ್ಮ ಕಡೆ ಭತ್ತದಷ್ಟೇ ಹುಲುಸಾಗಿ ನಾಟಕಗಳೂ ಬೆಳೆದಿದ್ದವು. ನಾನು ಹೊಸಪೇಟೆಯಲ್ಲಿ ಮೇಷ್ಟ್ರು, ಸಂಜೆಯಾದರೆ ನಟ. ನಮ್ಮ ತಂಡದ ಜೀವ ನಾಗರತ್ನಮ್ಮ. ಚಿಕ್ಕಂದಿನಿಂದ ಊರೂರು ಸುತ್ತುವ ಕಂಪನಿಗಳಲ್ಲಿ ಬೆಳೆದವರು. ಆಗ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಬೆಳಕಿದ್ದಲ್ಲಿ ಹೆಜ್ಜೆ, ಇಲ್ಲದಿದ್ದಲ್ಲಿ ಇಲ್ಲ.

ಬೆಳಕಿನವರು ಇಬ್ಬರು. ಹೊಸಪೇಟೆಯ ಆಟಕ್ಕೆ ಚಿತ್ತವಾಡ್ಗಿಯ ಕಾಸಿಂ ಸಾಬರು, ಕಂಪ್ಲಿಯ ಆಟಕ್ಕೆ ಅಲ್ಲಿಯವನೇ ಆದ ಬಸಣ್ಣ. ಇಬ್ಬರ ಹತ್ತಿರವೂ ಬೆಳಕು ಏರಿಸಿ ಇಳಿಸುವ ಹಿಡಿಗಳಿದ್ದ ಮರದ ಪೆಟ್ಟಿಗೆ ಇತ್ತು. ಹೊರಗಿನಿಂದ ಅವಳಿ ಜವಳಿ. ಒಳಗೆ ಮಾತ್ರ ಒಂದರ ತಲೆಯಿದ್ದಲ್ಲಿ ಇನ್ನೊಂದರ ಕಾಲು.

ಒಮ್ಮೆ ಕಂಪ್ಲಿಯಲ್ಲಿ ದೊಡ್ಡ ಆಟ. ನಮ್ಮ ನಾಟಕ ಬಾಯಿಪಾಠವಿದ್ದ ಕಾಸಿಂ ಸಾಬರು ನಮ್ಮೊಡನೆ ಬಂದರು. ಭಾರದ ಪೆಟ್ಟಿಗೆಯನ್ನು ಬಸ್ಸಿಗೇರಿಸುವುದೇಕೆಂದು ಬಸಣ್ಣನದನ್ನೇ ಬಳಸುವುದೆಂದಾಯಿತು. ಮಧ್ಯಾಹ್ನ ಅಕ್ಕಿ ಗಿರಣಿಯ ಖಾಲಿ ಗೋದಾಮಿನ ಬಾಗಿಲು ಮುಚ್ಚಿ, ತೌಡಿನ ವಾಸನೆಯಲ್ಲಿ ತಾಲೀಮು ಶುರುವಾಯಿತು. ತಾಯಿ ಮನೆ ಬಿಟ್ಟು ಹೊರಡುವ ದೃಶ್ಯ. ಮನೆಯ ಕಡೆ ಕತ್ತಲಾಗಬೇಕು. ಆಕೆ ಇಳಿಯುವ ಮೆಟ್ಟಿಲ ಮೇಲೆ ಬೆಳಕು ಉಳಿಯಬೇಕು. ಸಾಬರು ರೂಢಿಯಂತೆ ಕೊನೆಯ ಹಿಡಿ ಇಳಿಸಿದರು. ಮನೆ ಬೆಳಗುತ್ತಲೇ ಇತ್ತು. ಮೆಟ್ಟಿಲು ಮಾಯವಾಯಿತು.

ಮಗನ ಪಾತ್ರದ ನಾನು ಹಿಂದೆಯೇ ಇದ್ದೆ. ಸೆರಗು ಕೈಗೆ ಸಿಕ್ಕಿತು, ಆದರೂ ನಾಗರತ್ನಮ್ಮ ಮಂಡಿಯೂರಿ ಬಿದ್ದರು. ಮಣಿಕಟ್ಟು ಉಳುಕಿತ್ತು. ಅರಿಸಿನ ಹಚ್ಚಿಸಿಕೊಳ್ಳುತ್ತ ಅವರು ಮೆಲ್ಲಗೆ ಹೇಳಿದರು: "ಮೇಷ್ಟ್ರ, ನನ್ ಕಾಲ ಮುಗೀತು ಅಂತ ಕಾಣ್ತದ. ತಾಯಿ ಪಾತ್ರಕ್ಕ ಬ್ಯಾರೆ ಯಾರನ್ನಾರ ನೋಡ್ರಿ."

ಅತ್ತ ಪೆಟ್ಟಿಗೆಯ ಬಳಿ ಯುದ್ಧ ನಡೆದಿತ್ತು.

"ನಿನ್ ಪೆಟ್ಟಿಗಿ ಉಲ್ಟಾ ಐತಲೇ ಬಸಣ್ಣ!" ಎಂದರು ಸಾಬರು.

"ನಂದಲ್ರಿ ಸಾಬ್ರ, ನಿಮ್ ಕೈ ಉಲ್ಟಾ. ಇಲ್ಲಿ ಕುಂತು ನೋಡ್ರಿ, ಎಡಗಡಿ ಬೆಳಕಿಗೆ ಎಡಗಡಿ ಹಿಡಿ."

"ಅದು ನೋಡೋರ ಎಡ. ಆಡೋರ ಎಡ ಆ ಕಡಿ."

ಇದು ಇವರು ಹುಟ್ಟಿಸಿದ ಜಗಳವಲ್ಲ ಬಿಡಿ. ಹಂಪಿಯ ಗುಡಿಗಳಲ್ಲಿ ಬಂದವರಿಗೆ ಶಿಲ್ಪ ತೋರಿಸುವವರು 'ದೇವರ ಎಡಗೈಯಲ್ಲಿ' ಎಂದಾಗ ಅರ್ಧ ಜನ ತಪ್ಪು ಕೈ ನೋಡುತ್ತಾರೆ. ದೇವರು ಅಲ್ಲಾಡುವುದಿಲ್ಲವಾದ್ದರಿಂದ ಯಾರೂ ಬೀಳುವುದಿಲ್ಲ, ಅಷ್ಟೆ.

ನಾಗರತ್ನಮ್ಮ ಅಲ್ಲಿಂದಲೇ ಕರೆದರು: "ಬಸಣ್ಣ, ಇಲ್ಲಿ ಬಾರಪ್ಪ. ನಾ ನಿಂತಿದ್ದಲ್ಲಿ ನಿಂದ್ರು. ಸಾಬ್ರ, ಎಲ್ಲಾ ಬೆಳಕು ಇಳಿಸ್ರಿ."

ಗೋದಾಮು ಕಪ್ಪಾಯಿತು. ಬಸಣ್ಣ ಮೆಟ್ಟಿಲಿಗಾಗಿ ಕಾಲಲ್ಲಿ ತಡಕುವ ಸದ್ದಷ್ಟೇ. ಇದ್ದಕ್ಕಿದ್ದಂತೆ ಅವನ ಕೂಗು: "ಎಡಗಡೀದ್ ಹಾಕ್ರಿ ಸಾಬ್ರ, ಎಡಗಡೀದು! ಬೀಳ್ತೀನಿ!"

ಕತ್ತಲಲ್ಲೇ ಸಾಬರು ಕೇಳಿದರು: "ಯಾರ ಎಡಗಡೀದಪ್ಪ?"

ಮೊದಲು ನಕ್ಕವನು ಬಸಣ್ಣನೇ. ಬೆಳಕು ಬಂದಾಗ ಅವನು ಇಳಿದು ಬಂದು, ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆ ಬಿಚ್ಚಿದ. ತಂತಿಗಳನ್ನೆಲ್ಲ ಕಳಚಿ ನಟರ ಎಡದಿಂದ ಬಲಕ್ಕೆ ಕಟ್ಟತೊಡಗಿದ. ಸಾಬರು ಬಂದು ಪಕ್ಕದಲ್ಲಿ ಕೂತರು. "ನೀಲಿ ಬೆಳಕು ನೀ ಕೆಳಗಿನ ಸಾಲಿಗೆ ಇಟ್ಟೀಯಲ್ಲ, ಅದು ಭಾಳ ಚಲೋ ಐತಿ. ಊರಿಗೆ ಹೋಗಿ ನಾನೂ ಹಂಗ ಮಾಡ್ತೀನಿ," ಎಂದರು. ಗೆದ್ದವರಿಗೂ ಸೋತವರಿಗೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ಬಂತು.

ನಾಗರತ್ನಮ್ಮ ಆ ಆಟದಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡೇ ತಾಯಿಯಾದರು. ಬೇರೆಯವರನ್ನು ಹುಡುಕುವ ಮಾತು ಮತ್ತೆ ಏಳಲಿಲ್ಲ. ಎರಡು ಪೆಟ್ಟಿಗೆಗಳ ವರಸೆ ಒಂದಾದದ್ದು ಬಾಯಿಂದ ಬಾಯಿಗೆ ಹರಡಿ ಸಂಡೂರಿನ ಬೆಳಕಿನವನೂ ತನ್ನದನ್ನು ಹಾಗೇ ಕಟ್ಟಿಕೊಂಡನಂತೆ. ಯಾರೂ ಅಪ್ಪಣೆ ಮಾಡಲಿಲ್ಲ, ಸಭೆ ಸೇರಿಸಲಿಲ್ಲ.

ಮುಂದೆ ಸಂಡೂರಿನಲ್ಲಿ ಅದೇ ನಾಟಕ. ಪೆಟ್ಟಿಗೆ ಅಲ್ಲಿಯವನದು, ಹಿಡಿಗಳ ಮೇಲೆ ಕೈ ನಮ್ಮ ಬಸಣ್ಣನದು. ತಾಯಿ ಮನೆ ಬಿಟ್ಟು ಹೊರಟಳು. ಮಗನಾಗಿ ನಾನು ಹಿಂದೆಯೇ ನಿಂತಿದ್ದೆ. ಮನೆ ಕತ್ತಲಾಯಿತು; ಮೆಟ್ಟಿಲು ಬೆಳಗಿತು. ತಡೆಯಲಾರದೆ ನಾನು ಕೈ ಚಾಚಿದೆ. ನಾಗರತ್ನಮ್ಮ ತಿರುಗಿ, ತುಂಬಿದ ಸಭೆಗೆ ಕೇಳುವಂತೆ ಹೇಳಿದರು:

"ಬಿಡಪ್ಪ ಮಗನ, ಬೆಳಕೈತಿ."

ನಾಟಕದಲ್ಲಿ ಇಲ್ಲದ ಮಾತು ಅದು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಅದು ತಾಯಿ ಮಗನಿಗೆ ಹೇಳಿದ್ದೆಂದು ಅವರು ತಿಳಿದರು. ಪೆಟ್ಟಿಗೆಯ ಹಿಂದೆ ಬಸಣ್ಣ ಮಾತ್ರ ತಲೆ ತಗ್ಗಿಸಿ ಕೈ ಮುಗಿದದ್ದನ್ನು ನಾನು ಕಂಡೆ.