ಜಲಜಕ್ಕನ ಮನೆಯ ಜೋಡಿ ತಂತಿ

ಜಲಜಕ್ಕ, ಆ ಮಳೆಗಾಲ ನಿಮ್ಮ ಫೋನ್ ಕೆಟ್ಟಿರಲಿಲ್ಲ. ನಿಮ್ಮ ಮನೆಯ ತಂತಿಯನ್ನು ಕಂಬದ ಪೆಟ್ಟಿಗೆಯಲ್ಲಿ ಬಿಡಿಸಿ ಬೇರೆಯವರಿಗೆ ಕೊಟ್ಟವನು ನಾನು. ಕೇಬಲ್ ಹೋಗಿದೆ ಎಂದು ನಿಮ್ಮ ಹತ್ತಿರ ಸುಳ್ಳು ಹೇಳಿದವನೂ ನಾನೇ. ಅಷ್ಟಕ್ಕೇ ನಿಂತಿದ್ದರೆ ಹೇಗೋ ನುಂಗಿಕೊಂಡು ಇದ್ದುಬಿಡುತ್ತಿದ್ದೆನೋ ಏನೋ — ಆದರೆ ನಿಮ್ಮ ತಂಗಿಯ ಎದುರು ಇನ್ನೊಂದು ಸುಳ್ಳು ಹೇಳಿದೆ. ಅದು ನನ್ನನ್ನು ಈ ಬ್ರಹ್ಮಾವರದ ಮನೆಯಲ್ಲಿ, ನಿವೃತ್ತನಾಗಿ ಕೂತ ಮೇಲೂ, ನೆಮ್ಮದಿಯಾಗಿ ಇರಲು ಬಿಡುತ್ತಿಲ್ಲ.

ಬಾರ್ಕೂರಿನಿಂದ ಬಿಜೂರಿಗೆ ಲೈನ್‌ಮ್ಯಾನ್ ಆಗಿ ಬಂದಾಗ ನನಗೆ ಅಲ್ಲಿ ಗುರುತಿನವರು ಯಾರೂ ಇರಲಿಲ್ಲ. ತೊಂಬತ್ತೇಳರಲ್ಲಿ ನಿಮ್ಮ ಓಣಿಯ ಮೊದಲ ಫೋನನ್ನು ನಿಮ್ಮ ಮನೆಗೆ ಹಾಕಿದೆ. ಅವತ್ತಿನಿಂದ ನಾನು ನಿಮಗೆ 'ಫೋನ್ ತಮ್ಮ'. ಓಣಿಯ ಹನ್ನೆರಡು ಮನೆಗೂ ಅದೊಂದೇ ಫೋನ್, ನಿಮ್ಮದೊಂದೇ ಗಂಟಲು. "ಹ್ವಾಯ್, ಬೊಂಬಾಯಿಂದ ಫೋನ್ ಬಂದಿತ್ತ್, ಓಡಿ ಬನ್ನಿ!" ಎಂದು ನೀವು ಅಂಗಳದ ತುದಿಯಲ್ಲಿ ನಿಂತು ಕೂಗಿದರೆ ಗದ್ದೆಯಲ್ಲಿದ್ದವರು ಕೆಸರುಗಾಲಲ್ಲೇ ಓಡಿ ಬರುತ್ತಿದ್ದರು. ಒಬ್ಬರಿಗೂ ನೀವು ಬೇಸರ ಮಾಡಲಿಲ್ಲ. ನಿಮಗೇ ಎಂದು ಬರುತ್ತಿದ್ದುದು ಒಂದೇ ಕರೆ — ಭಾನುವಾರ ಬೆಳಿಗ್ಗೆ, ಮುಂಬಯಿಯಿಂದ, ನಿಮ್ಮ ತಂಗಿ ಗುಲಾಬಿಯದು. ಫೋನ್ ಮುಂಬಯಿಯಿಂದಲೇ ಬರಬೇಕು, ಊರಿನವರು ಕಾಯಬೇಕು. ಎಲ್ಲ ಮನೆಗಳಲ್ಲೂ ಅದೇ ರೂಢಿ. ನೀವಾಗಿ ಅವಳಿಗೆ ಫೋನ್ ಮಾಡಿದ್ದನ್ನು ನಾನು ಕಂಡದ್ದಿಲ್ಲ.

ಆಮೇಲೆ ಓಣಿಯ ಬೇರೆ ಮನೆಗಳಿಗೂ ನಾನೇ ಫೋನ್ ಹಾಕಿದೆ. ಅದರ ಹಿಂದೆಯೇ ಮೊಬೈಲ್ ಬಂತು. ಒಬ್ಬೊಬ್ಬರಾಗಿ ಫೋನ್ ಬಿಟ್ಟುಕೊಟ್ಟರು. ನಾನು ಬಿಸಿಲಲ್ಲಿ ಕಂಬ ಹತ್ತಿ ಎಳೆದ ತಂತಿಯ ಮೇಲೆ ಒದ್ದೆ ಲುಂಗಿ ಒಣಗತೊಡಗಿತು. ಅಲಸಂಡೆ ಬಳ್ಳಿ ಹಬ್ಬಿಸಲು ಅದೇ ತಂತಿ, ಕಡಲ ಬದಿಯ ಕೋಡಿಯಲ್ಲಿ ಮೀನು ಒಣಗಿಸುವ ಚಪ್ಪರ ಕಟ್ಟಲಿಕ್ಕೂ ಅದೇ. "ಎಂತ ಗಟ್ಟಿ ಮಾರಾಯ, ಎಷ್ಟ್ ವರ್ಷ ಆದ್ರೂ ತುಂಡಾತಿಲ್ಲೆ" ಎಂದು ಜನ ನನ್ನೆದುರೇ ಹೊಗಳುತ್ತಿದ್ದರು. ನಗುತ್ತಿದ್ದೆ. ಆದರೆ ಅಕ್ಕ, ಹೊಟ್ಟೆಯೊಳಗೆ ಉರಿಯುತ್ತಿತ್ತು. ಒಂದು ಆಯುಷ್ಯದ ಕೆಲಸ ಬಟ್ಟೆ ಒಣಗಿಸುವ ಹಗ್ಗವಾದರೆ ಯಾರಿಗೆ ಉರಿಯುವುದಿಲ್ಲ?

ಆಗಲೇ ಓಣಿಯ ಕೊನೆಯ ಮನೆಗೆ, ಮುಂಬಯಿಯಲ್ಲಿ ಹೋಟೆಲ್ ನಡೆಸಿ ಊರಿಗೆ ಮರಳಿದವರೊಬ್ಬರು ಬಂದು ಇಂಟರ್ನೆಟ್ ಬೇಕು ಎಂದರು. ನಮ್ಮ ಅದೇ ಹಳೆಯ ತಂತಿಯಲ್ಲಿ ಅದು ಬರುತ್ತದೆ ಎಂದು ಗೊತ್ತಾದಾಗ ನನಗಾದ ಸಂತೋಷ ಹೇಳತೀರದು. ತಂತಿ ಸತ್ತಿಲ್ಲ, ಅದಕ್ಕಿನ್ನೂ ಕೆಲಸವಿದೆ ಎಂದು ಊರಿಗೆಲ್ಲ ತೋರಿಸಬೇಕಿತ್ತು ನನಗೆ.

ಆದರೆ ಫೋನಾಗಲಿ ಇಂಟರ್ನೆಟ್ಟಾಗಲಿ, ಒಂದು ಮನೆಗೆ ಎರಡು ಎಳೆಯ ಒಂದು ಜೋಡಿ ಬೇಕು. ರಸ್ತೆ ಅಗೆದವರು ಕೇಬಲನ್ನು ಗಾಯ ಮಾಡಿ, ನಿಮ್ಮ ಓಣಿಯ ಪೆಟ್ಟಿಗೆಯ ಹತ್ತು ಜೋಡಿಗಳಲ್ಲಿ ನಾಲ್ಕೇ ಉಳಿದಿದ್ದವು. ನಾಲ್ಕರಲ್ಲೂ ಫೋನ್ ಇತ್ತು. ಮೂವರು ಒಂದು ದಿನ ರಿಂಗಾಗದಿದ್ದರೆ ಕುಂದಾಪುರದ ಆಫೀಸಿಗೆ ದೂರು ಕೊಡುವವರು. ನಾಲ್ಕನೆಯವರು ನೀವು. ನೀವು ನನ್ನನ್ನು ನಂಬುತ್ತಿದ್ದಿರಿ — ಅದಕ್ಕೇ ನಿಮ್ಮದನ್ನು ಬಿಡಿಸಿದೆ. ಒಂದು ವಾರ, ಹೊಸ ಕೇಬಲ್ ಬರುವವರೆಗೆ ಎಂದುಕೊಂಡೆ. ಕೇಬಲ್ ಬರಲಿಲ್ಲ. ಮಳೆ ಬಂತು.

ನೀವು ಕೇಳಿದಾಗಲೆಲ್ಲ "ಕೇಬಲ್ ಹೋಯ್ತ್ ಅಕ್ಕ, ಸರಿ ಮಾಡ್ತೆ" ಎಂದೆ. "ಅಡ್ಡಿಲ್ಲೆ ತಮ್ಮ, ಫೋನ್ ಸತ್ತದ್ದ್ ಗುಲಾಬಿಗೂ ಅಲ್ಲಿ ಗೊತ್ತಾತ್ತಲ್ದಾ" ಎಂದಿರಿ. ಅವಳಿಗೆ ಗೊತ್ತಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಕ್ಸ್‌ಚೇಂಜಿನಲ್ಲಿ ನಿಮ್ಮ ನಂಬರು ಬದುಕಿಯೇ ಇತ್ತು. ಮನೆಗೆ ಬರುವ ತಂತಿ ಮಾತ್ರ ಇರಲಿಲ್ಲ. ಅಂಥ ನಂಬರಿಗೆ ಫೋನ್ ಮಾಡಿದವರಿಗೆ ಅತ್ತ ಕಡೆ ರಿಂಗ್ ಆಗುವುದು ಚೆನ್ನಾಗಿ ಕೇಳಿಸುತ್ತದೆ. ನಿಮ್ಮ ಮನೆಯಲ್ಲಿ ಮೌನ, ಗುಲಾಬಿಯ ಕಿವಿಯಲ್ಲಿ ರಿಂಗ್ — ಭಾನುವಾರದ ಮೇಲೆ ಭಾನುವಾರ. ಅದಕ್ಕೆ ಮುಂಚಿನ ಕರೆಯಲ್ಲೇ, ನಿಮ್ಮ ಮಗಳ ಮದುವೆಗೆ ಅವಳು ಬರಲಿಲ್ಲ ಎಂದು ನೀವು ಬೈದಿದ್ದಿರಂತೆ. ಅಕ್ಕ ಸಿಟ್ಟಿನಿಂದ ಫೋನ್ ಎತ್ತುತ್ತಿಲ್ಲ ಎಂದೇ ಅವಳು ತಿಳಿದಳು.

ಮಳೆ ಬಿಟ್ಟ ಮೇಲೆ ಅವಳು ಬೈಂದೂರಿನಲ್ಲಿ ರೈಲಿಳಿದು ನೇರ ನಿಮ್ಮ ಮನೆಗೆ ಬಂದಳು. ನಾನು ಅದೇ ಓಣಿಯಲ್ಲಿದ್ದೆ. ನೀವು ಜಗಲಿಯಿಂದ ಕೂಗಿದಿರಿ. "ಫೋನ್ ತಮ್ಮಾ, ಇಲ್ ಬಾ ಮಾರಾಯ. ಮಳೆಗಾಲ ಇಡೀ ನಮ್ ಫೋನ್ ಸತ್ತಿತ್ತ್ ಅಂದೇಳಿ ಇವ್ಳಿಗೆ ಹೇಳ್."

ಗುಲಾಬಿ ನನ್ನತ್ತ ತಿರುಗಿದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. "ಪ್ರತಿ ಆಯ್ತಾರ ಮಾಡಿದೆ, ರಿಂಗ್ ಆತಿತ್ತ್. ಇವ್ಳ್ ಎತ್ಲಿಲ್ಲ. ಸತ್ತ್ ಫೋನ್ ರಿಂಗ್ ಆತ್ತಾ? ನೀವ್ ಲೈನಿನವ್ರ್, ನೀವೇ ಹೇಳಿ."

ಆಗುತ್ತದೆ ಎಂದರೆ ಹೇಗೆ ಎಂದು ಕೇಳುತ್ತಿದ್ದರು. ತಂತಿ ಯಾರು ಬಿಡಿಸಿದ್ದು ಎನ್ನುವಲ್ಲಿಗೆ ಮಾತು ಬರುತ್ತಿತ್ತು. ಓಣಿಯ ಕೊನೆಯ ಮನೆ ಅಲ್ಲಿಂದ ಕಾಣುತ್ತಿತ್ತು —

"ಲೈನ್ ಸತ್ರೆ ರಿಂಗ್ ಆತಿಲ್ಲೆ" ಎಂದೆ.

ನಿಮ್ಮ ಮುಖ ನೋಡಲಿಲ್ಲ ನಾನು. ಗುಲಾಬಿ ಚೀಲ ಎತ್ತಿಕೊಂಡಳು. ಊಟಕ್ಕೂ ನಿಲ್ಲಲಿಲ್ಲ. "ಕಾಣ್, ಅವ್ರೂ ಹೇಳ್ರ್" ಎಂದಷ್ಟೇ ಹೇಳಿ ಹೋದಳು. ನೀವು ನನ್ನನ್ನು ಬೈಯಲಿಲ್ಲ. ನಿಮಗೇ ಅನುಮಾನ ಬಂದವರ ಹಾಗೆ, "ಹಂಗಾರೆ ನಂಗೇ ಕೇಂಬುದಿಲ್ಯಾ ಅಂದೇಳಿ..." ಎಂದು ಕಿವಿ ಮುಟ್ಟಿಕೊಂಡಿರಿ. ಚೆನ್ನಾಗಿದ್ದ ಕಿವಿಯನ್ನು ಕೆಟ್ಟಿತೆಂದು ನಂಬಿಸಿದ ಪಾಪಿ ನಾನು.

ಮರುವಾರ ನೆರೆಮನೆಯವರು ಫೋನ್ ಬಿಟ್ಟುಕೊಟ್ಟರು. ಅವರ ಜೋಡಿಯನ್ನು ನಿಮಗೆ ಹಾಕಿದೆ. ಅಂದಿನಿಂದ ಲೈನ್ ಒಂದು ದಿನವೂ ಕೆಟ್ಟಿಲ್ಲ — ಗುಲಾಬಿಯ ಕರೆಯೂ ಬಂದಿಲ್ಲ. ಮಗಳು ಮೊಬೈಲ್ ಕೊಡಿಸಿದ ಮೇಲೂ ನೀವು ಆ ಫೋನ್ ತೆಗೆಸಲಿಲ್ಲ. "ಇರ್ಲಿ, ಒಬ್ರಿಗೆ ಅದೇ ನಂಬ್ರ ಗೊತ್ತಿಪ್ಪುದ್" ಎಂದಿರಿ. ಆ ಮಾತು ಕೇಳಿಯೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ನಿಮ್ಮ ಮಗಳಿಂದ ನಂಬರು ಪಡೆದು ಗುಲಾಬಿಗೆ ಫೋನ್ ಮಾಡಿದೆ. ತಂತಿ ಬಿಡಿಸಿದ್ದು, ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಅಂದು ಅಕ್ಕ ಹೇಳಿದ್ದೇ ನಿಜ ಎಂದೆ. ಅವಳು ಕೇಳಿದಳು, "ಅವ್ಳಿಗೆ ಹೇಳಿದ್ರ್ಯಾ?"

ಇಲ್ಲ ಎಂದೆ.

"ಮತ್ತೆ ಇಷ್ಟ್ ವರ್ಷ ಅವ್ಳ್ ಮನಿಗ್ ಹೋತಾ ಇದ್ರ್ಯಾ? ಅವ್ಳ್ ಬಡ್ಸಿದ್ದ್ ಉಂಡ್ರ್ಯಾ?"

ಉಂಡೆ ಎಂದೆ. ಎಷ್ಟೋ ಸಲ.

ಅವಳು ಫೋನ್ ಇಟ್ಟಳು. ನಿಮಗೆ ಅವಳು ಫೋನ್ ಮಾಡುತ್ತಾಳೋ ಇಲ್ಲವೋ, ನನಗೆ ತಿಳಿಯದು. ಕೇಳುವ ಹಕ್ಕೂ ನನಗಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಜಲಜಕ್ಕ. ನಾಳೆ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ನೀವು ಓದಿ ಮುಗಿಸುವವರೆಗೆ ಅಂಗಳದಲ್ಲೇ ನಿಂತಿರುತ್ತೇನೆ.