ನಾಲ್ಕು ಜನರ ಅಳತೆಯ ವೋಲ್ಗಾ

ನಮ್ಮ ಕಣಿವೆಯ ಕೊಚ್ಕೋರಿನಲ್ಲಿ ಮದುವೆ ಗೊತ್ತಾದರೆ ಮೊದಲು ಕುರಿ ನೋಡುತ್ತಿದ್ದರು, ಆಮೇಲೆ ಹಾಡುವವನನ್ನು ಹಿಡಿಯುತ್ತಿದ್ದರು, ಅದಾದ ಮೇಲೆ ಕೆನ್ಜೆಗುಲ್ ಮನೆಗೆ ಬರುತ್ತಿದ್ದರು. ಮದುಮಗಳನ್ನು ಕರೆತರಲು ಅವಳ ಹಾಲುಬಣ್ಣದ ಹಳೆಯ ವೋಲ್ಗಾ ಕಾರೇ ಬೇಕಿತ್ತು. ಕಾರಿನ ಮೂತಿಯ ಮೇಲೆ ನೆಗೆಯುವ ಜಿಂಕೆ ಇದೆ. ಅವಳ ಮಾವ ಸಾಮೂಹಿಕ ಕುರಿ ಫಾರ್ಮಿನ ಅಧ್ಯಕ್ಷನಾಗಿದ್ದ ಕಾಲದಲ್ಲಿ ಮನೆಗೆ ಬಂದ ಗಾಡಿ ಅದು. ಅವನ ನಂತರ ಮಗ ಬೆಕ್ತೆನ್ ಓಡಿಸಿದ. ಬೆಕ್ತೆನ್‌ಗೆ ಲಕ್ವ ಹೊಡೆದು ಎಡಗಾಲು ಹೇಳಿದ ಮಾತು ಕೇಳದಂತಾದಾಗ ಬೀಗದಕೈ ಹೆಂಡತಿ ಕೆನ್ಜೆಗುಲ್ ಕೈಗೆ ಬಂತು.

ಅಂದಿನಿಂದ ಬೆಕ್ತೆನ್ ಆ ಕಾರಿನೊಳಗೆ ಕೂತವನಲ್ಲ. ಆಸ್ಪತ್ರೆಗೆ ಹೋಗುವುದಿದ್ದರೂ ಪಕ್ಕದ ಮನೆಯವರ ಜೀಪೇ ಆಗಬೇಕು.

"ನನ್ನ ಗಾಡಿಲಿ ನಾನು ಮೂಟೆ ಥರ ಕೂರ್ಬೇಕಾ? ಆ ದಿನ ಬರೋದು ಬೇಡ," ಎನ್ನುತ್ತಿದ್ದ.

ಕೆನ್ಜೆಗುಲ್‌ಗೆ ಸಂಕಟವಾಗುತ್ತಿತ್ತು. ಆದರೂ ಸ್ಟೀರಿಂಗ್ ಹಿಡಿದು ಕೂತಾಗ ಅವಳಿಗೆ ಆಗುತ್ತಿದ್ದ ಖುಷಿ ಸುಳ್ಳಲ್ಲ. ಐವತ್ತಾರು ವರ್ಷವಾದರೂ ಮನೆಯೊಳಗೆ ಅವಳು ಒಲೆ ಮುಂದಿನ ಸೊಸೆ, ಎಲ್ಲರಿಗಿಂತ ಕೊನೆಗೆ ಉಣ್ಣುವವಳು. ಕಾರಿನಲ್ಲಿ ಮಾತ್ರ, ಅವಳು ಬಾಗಿಲು ತೆಗೆಯುವ ತನಕ ಹಮ್ಮೀರನಾದರೂ ಹೊರಗೆ ನಿಂತು ಕಾಯಬೇಕು.

ಕಾಲ ಕೈಕೊಟ್ಟಿತು. ಈಗಿನ ಹುಡುಗರಿಗೆ ಕಪ್ಪು ಜೀಪು ಬೇಕು, ಅದಕ್ಕೆ ಇಷ್ಟಗಲದ ಟೈರು ಇರಬೇಕು. ಅವುಗಳ ಪಕ್ಕದಲ್ಲಿ ವೋಲ್ಗಾ, ಎಮ್ಮೆಗೆ ಆಡಿನ ಕಾಲು ಜೋಡಿಸಿದ ಹಾಗೆ ಕಾಣುತ್ತಿತ್ತು. ಕರೆಯುವವರು ಕಡಿಮೆಯಾದರು. ಅತ್ತ ಗಡಿಯಾಚೆಯ ಅಲ್ಮಾಟಿ ನಗರದಿಂದ ಒಬ್ಬ ಹಳೆ ಕಾರುಗಳ ಹುಚ್ಚಿನವನು ಎರಡು ಸಲ ಬಂದು, ಬೆಕ್ತೆನ್ ಜೊತೆ ಚಹಾ ಕುಡಿದು, ಗಾಡಿಯನ್ನು ಕಣ್ಣಲ್ಲೇ ತಿಂದು ಹೋಗಿದ್ದ.

"ಅಗಲದ ಚಕ್ರ ಹಾಕಿಸ್ತೀನಿ. ಆಗ ಹುಡುಗರು ತಾವಾಗೇ ಬರ್ತಾರೆ," ಎಂದಳು ಕೆನ್ಜೆಗುಲ್.

"ನಮ್ಮಪ್ಪನ ಗಾಡಿಗೆ ಮುದುಕಿ ಶೋಕಿ ಮಾಡಿಸ್ತಾಳಂತೆ!" ಬೆಕ್ತೆನ್ ಉರಿದುಬಿದ್ದ. ಮೂರು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಒಂದು ಕರಾರಿಗೆ ಬಂದ. "ಒಂದೇ ಒಂದು ಮದುವೆ ನೋಡ್ತೀನಿ. ಸರಿಹೋದ್ರೆ ಗಾಡಿ ನಿಂದು. ಊರಲ್ಲಿ ಒಂದು ಮಾತು ಬಂದ್ರೂ ಅಲ್ಮಾಟಿಯವನಿಗೆ ಫೋನ್ ಮಾಡೋದೇ."

ಚಕ್ರ ಅಗಲ ಮಾಡುವವನು ಬಾಲಿಕ್ಚಿ ಊರಿನ ಬೆಯ್ಶೆನ್, ಎಲ್ಲರ ಬಾಯಲ್ಲಿ ಉಸ್ತಾ, ಅಂದರೆ ಮೇಸ್ತ್ರಿ. ಹಳೆಯ ಕಬ್ಬಿಣದ ಚಕ್ರವನ್ನು ಸುತ್ತಲೂ ಕೊಯ್ದು, ನಡುವೆ ಒಂದು ಪಟ್ಟಿ ಕೂರಿಸಿ ವೆಲ್ಡಿಂಗ್ ಮಾಡುತ್ತಾನೆ. ಹೆಚ್ಚಿದ ಅಗಲವನ್ನು ಒಳಕ್ಕೆ ತಳ್ಳಿದರೆ ಟೈರು ಗಾಡಿಯ ಭಾರ ಹೊರುವ ಕಮಾನುಪಟ್ಟೆಗೆ ತಾಗುತ್ತದೆ, ಹೊರಕ್ಕೆ ತಳ್ಳಿದರೆ ಮಡ್‌ಗಾರ್ಡಿನ ಅಂಚಿಗೆ. ಅವನು ಸ್ವಲ್ಪ ಹೊರಕ್ಕೇ ತಳ್ಳಿ, ಅಂಚನ್ನು ಮಡಚಿ ಜಾಗ ಮಾಡುವ ಲೆಕ್ಕ ಹಾಕಿದ.

"ಗಾಡಿ ತುಂಬಿದಾಗ ಮೈ ಕೆಳಗಿಳಿಯುತ್ತೆ, ಎಜೆ," ಎಂದ. ಅಕ್ಕನ ವಯಸ್ಸಿನವರನ್ನೆಲ್ಲ ಅವನು ಕರೆಯುವುದೇ ಹಾಗೆ. "ಅದಕ್ಕೆ ಕೇಳ್ತಿದೀನಿ, ಎಷ್ಟು ಜನ ಕೂರ್ತಾರೆ?"

"ಮದುಮಗ, ಮದುಮಗಳು, ಅವಳ ಅತ್ತಿಗೆ, ನಾನು. ನಾಲ್ಕು."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಹೆಣ್ಣಿನ ಮನೆಯವರೇ ಹೇಳಿದಾರೆ, ಉಸ್ತಾ. ನಾಲ್ಕೇ."

ಬೆಯ್ಶೆನ್ ನಾಲ್ಕು ಜನರ ತೂಕಕ್ಕೆ ಮರಳಿನ ಚೀಲ ಇಟ್ಟು ಅಳತೆ ತೆಗೆದ. ಅವನಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ನಮ್ಮಲ್ಲಿ ಯಾರನ್ನು ಕೇಳಿದರೂ ಕರೆದವರನ್ನಷ್ಟೇ ಎಣಿಸುತ್ತಾರೆ. ಬೇಡ ಎನ್ನಲಾಗದವರನ್ನು ಎಣಿಸುವುದಿಲ್ಲ. ಹಿರಿಯರು ಕಾರಿನ ಬಾಗಿಲಿಗೆ ಕೈ ಹಾಕಿದ ಮೇಲೆ ಜಾಗವಿಲ್ಲ ಎಂದವರು ಈ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ.

ಚಕ್ರ ಕೂರಿಸಿದ ಮೇಲೆ ಮನೆಯಂಗಳದಲ್ಲಿ ಕೋಳಿ ಕೊಯ್ದು ನಾಲ್ಕೂ ಟೈರಿಗೆ ರಕ್ತ ಮುಟ್ಟಿಸಿದರು. ಗಾಡಿ ಎದೆ ಉಬ್ಬಿಸಿ ನಿಂತಂತಿತ್ತು. ಬೆಕ್ತೆನ್ ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡ.

ಮದುವೆಯ ದಿನ ಹೆಣ್ಣಿನ ಊರಿನಲ್ಲಿ ಹುಡುಗರೆಲ್ಲ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಫೋಟೋ ತೆಗೆಸಿಕೊಂಡರು. ಕೆನ್ಜೆಗುಲ್‌ಗೆ ನೆಲ ಕಾಣಲಿಲ್ಲ. ಮದುಮಗಳು, ಮದುಮಗ, ಅತ್ತಿಗೆ ಹಿಂದೆ ಕೂತರು. ಡಿಕ್ಕಿಗೆ ಎರಡು ಕಂಬಳಿ ಹಾಸು, ಚಹಾ ಕಾಯಿಸುವ ಒಂದು ಸಮೋವರ್ ಬಂತು. ಗಂಡಿನ ಸೋದರಮಾವ ಮುಂದಿನ ಸೀಟಿನ ನಡುವೆ ತೂರಿದ. ಅತ್ತಿಗೆಯ ತಂಗಿ ಮಗುವನ್ನೆತ್ತಿಕೊಂಡು ಹಿಂದೆ ಒತ್ತರಿಸಿದಳು. ಕೊನೆಗೆ, ಎಲ್ಲರೂ ಅಪಾ ಎಂದು ಗೌರವದಿಂದ ಕರೆಯುವ ಮದುಮಗಳ ಅಜ್ಜಿ ಸಾಯ್ರಾ ಬಂದು ಮುಂದಿನ ಬಾಗಿಲು ತೆಗೆದಳು. ಆಕೆ ಕಾಲಿಟ್ಟದ್ದೇ ಗಾಡಿ ಆ ಕಡೆಗೆ ವಾಲಿತು.

"ಏನಮ್ಮಾ, ಜಾಗ ಇದೆಯಾ?" ಎಂದಳು, ಕೂತು ಬಾಗಿಲು ಹಾಕಿಕೊಂಡ ಮೇಲೆ.

"ಅಯ್ಯೋ, ಬೇಕಾದಷ್ಟಿದೆ ಅಪಾ," ಎಂದಳು ಕೆನ್ಜೆಗುಲ್.

ಊರಾಚೆ ಮೊದಲ ಗುಂಡಿಯಲ್ಲೇ ಹಿಂದಿನಿಂದ ಜರ್ರ್ ಎಂದಿತು. ಎರಡನೆಯದರಲ್ಲಿ ಇನ್ನೂ ಜೋರಾಗಿ. ಸುಟ್ಟ ರಬ್ಬರಿನ ವಾಸನೆ ಒಳಗೆ ಬಂತು. ಹಾಡುತ್ತಿದ್ದ ಅತ್ತಿಗೆ ನಿಲ್ಲಿಸಿದಳು.

"ಏನೋ ಸುಡ್ತಾ ಇದೆ," ಎಂದ ಸೋದರಮಾವ.

ಕೆನ್ಜೆಗುಲ್ ವೇಗ ತಗ್ಗಿಸಿದಳು. ಹೀಗೇ ಹೋದರೆ ಮಡ್‌ಗಾರ್ಡಿನ ಅಂಚು ಟೈರನ್ನು ಸೀಳುತ್ತದೆ, ಮುಂದೆ ಸೇತುವೆಯ ಇಳಿಜಾರಿದೆ. ನಿಲ್ಲಿಸಿ ಯಾರನ್ನಾದರೂ ಇಳಿಸಿದರೆ, ಹಿರಿಯರನ್ನು ನಡುರಸ್ತೆಯಲ್ಲಿ ಇಳಿಸಿದವಳು ಎಂಬ ಹೆಸರು ಸಾಯುವ ತನಕ ಬಿಡುವುದಿಲ್ಲ, ಗಾಡಿಯೂ ಅಲ್ಮಾಟಿಯ ಪಾಲು. ರಸ್ತೆ ಸರಿಯಿಲ್ಲ ಎನ್ನಬಹುದು, ಬೆಯ್ಶೆನ್ ಕೆಲಸ ಸರಿಯಿಲ್ಲ ಎನ್ನಬಹುದು. ಎರಡೂ ನಾಲಿಗೆಯ ತುದಿಗೆ ಬಂದಿದ್ದವು. ಕನ್ನಡಿಯಲ್ಲಿ ಮದುಮಗಳ ಮುಖ ಕಂಡಿತು. ಮಗು ಅವಳ ಮಡಿಲಿಗೆ ಬಂದಿತ್ತು. ಕೆನ್ಜೆಗುಲ್ ಗಾಡಿ ಪಕ್ಕಕ್ಕೆ ನಿಲ್ಲಿಸಿದಳು.

"ಅಪಾ, ಇಷ್ಟು ಜನರನ್ನ ನನ್ನ ಗಾಡಿ ಹೊರಲ್ಲ," ಎಂದಳು. "ಚೆಂದ ಕಾಣ್ಲಿ ಅಂತ ಚಕ್ರ ಅಗಲ ಮಾಡಿಸ್ದೆ, ನಾಲ್ಕು ಜನಕ್ಕೆ ಅಳತೆ ಕೊಟ್ಟೆ. ತಪ್ಪು ನಂದೇ. ಯಾರಾದ್ರೂ ಇಳೀಬೇಕು."

ಸಾಯ್ರಾ ಅಪಾ ನಿಧಾನವಾಗಿ ಇಳಿದಳು, ಸುತ್ತ ಬಂದಳು, ಬಿಸಿ ಟೈರಿಗೆ ಕೋಲಿನಿಂದ ತಿವಿದಳು.

"ಇಷ್ಟು ದಪ್ಪ ಕಾಲು ಇಟ್ಕೊಂಡು ನನ್ನೊಬ್ಬಳನ್ನ ಹೊರೋಕಾಗಲ್ವಾ? ನನ್ನ ಮದುವೇಲಿ ಇದೇ ಗಾಡಿ, ನಿನ್ನ ಮಾವ ಓಡಿಸ್ತಿದ್ದ. ಒಂಬತ್ತು ಜನ ಇದ್ವಿ, ಮೇಲೊಂದು ಕುರಿ. ಕಾಲು ಕಡ್ಡಿ ಥರ ಇತ್ತು, ಕಮಕ್ ಕಿಮಕ್ ಅನ್ಲಿಲ್ಲ." ಕೆನ್ಜೆಗುಲ್ ತಲೆ ತಗ್ಗಿಸಿದಳು. "ನಾಲ್ಕು ಜನ ಅಂತೆ! ಯಾವ ದೇಶದ ಮದುವೆಗಮ್ಮಾ ಅದು?"

ಎಂದವಳು ನಕ್ಕುಬಿಟ್ಟಳು. ಹೊಟ್ಟೆ ಕುಣಿಯುವಂಥ ನಗು. ದಿಬ್ಬಣದವರನ್ನು ಹೊತ್ತು ಹಿಂದೆ ಬರುತ್ತಿದ್ದ ಮಿನಿಬಸ್ಸಿಗೆ ಕೋಲು ಅಡ್ಡ ಹಿಡಿದು, ತಾನೇ ತೀರ್ಪು ಕೊಟ್ಟಳು. ಸೋದರಮಾವ ಇಳಿದ. ಮಗುವನ್ನೆತ್ತಿಕೊಂಡು ಅದರ ತಾಯಿ ಇಳಿದಳು. ಸಮೋವರ್ ಇಳಿಯಿತು. ಆದರೂ ಐದಾಯಿತು.

"ಅಳಿಯಂದಿರೇ, ನೀವೂ ಇಳೀರಿ."

"ನಾನಾ? ನಾನು ಮದುಮಗ ಅಪಾ!"

"ನಿಮ್ಮ ಮನೆಗೆ ನಿಮಗೆ ದಾರಿ ಗೊತ್ತು. ಅವಳಿಗೆ ಗೊತ್ತಿಲ್ಲ, ಅದಕ್ಕೆ ನಾನು ಹೋಗ್ತೀನಿ."

ಹೀಗೆ ಮದುಮಗಳು ಮೊದಲು ಬಂದಳು, ಮದುಮಗ ಆಮೇಲೆ ಮಿನಿಬಸ್ಸಿನಿಂದ ಸಮೋವರ್ ತಬ್ಬಿಕೊಂಡು ಇಳಿದ. ಅದನ್ನು ಸೆರೆಹಿಡಿಯದ ಫೋನು ಕೊಚ್ಕೋರಿನಲ್ಲಿ ಇರಲಿಲ್ಲ. ಹೊಸ ಸೊಸೆಗೆ ಬಿಳಿ ವಸ್ತ್ರ ಹೊದಿಸಿದ ಮೇಲೆ ಸಾಯ್ರಾ ಅಪಾ ತನ್ನ ಚೀಲದಿಂದ ಇನ್ನೊಂದು ಬಿಳಿ ವಸ್ತ್ರ ತೆಗೆದು, ಕಾರಿನ ಜಿಂಕೆಯ ಕೊರಳಿಗೆ ಕಟ್ಟಿದಳು.

"ಹೊಸದನ್ನ ಬರಿಗೈಲಿ ನೋಡ್ಬಾರ್ದು, ಅದಕ್ಕೆ ಇದು. ಸುಗ್ಗಿ ಕಳೆದ ಮೇಲೆ ನನ್ನ ಚಿಕ್ಕ ಮೊಮ್ಮಗಳನ್ನ ಗಂಡನ ಮನೆಗೆ ಕಳಿಸ್ತೀವಿ. ಇದೇ ಗಾಡಿ ಬರ್ಬೇಕು, ತುಂಬಿದ ಗಾಡಿ. ಬೆಕ್ತೆನ್ ಮುಂದೆ ಕೂತು ಬರ್ಬೇಕು. ನಾನು ಹೇಳ್ದೆ ಅನ್ನು."

ಕೆನ್ಜೆಗುಲ್ ಮನೆಗೆ ಬಂದಾಗ ಬೆಕ್ತೆನ್ ಫೋನು ನೋಡುತ್ತಿದ್ದ.

"ಸಾಯ್ರಾ ಅಪಾನ ನಡುದಾರೀಲಿ ಇಳಿಸಿದ್ಯಂತೆ."

"ಇಳಿಸ್ದೆ." ಬೀಗದಕೈ ಅವನ ಮುಂದಿಟ್ಟಳು. ಕಣ್ಣು ತುಂಬಿಬಂತು, ಒರೆಸಿಕೊಳ್ಳಲಿಲ್ಲ. "ಮಾತು ಬಂತಲ್ಲ. ಅಲ್ಮಾಟಿಗೆ ಫೋನ್ ಮಾಡು." ಆಮೇಲೆ ಅಪಾ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

ಬೆಕ್ತೆನ್ ಫೋನಿನಲ್ಲಿ ಬಂದಿದ್ದ, ಬಿಳಿ ವಸ್ತ್ರ ಕಟ್ಟಿದ ಜಿಂಕೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. "ಅಪಾ ಅಂದ್ಮೇಲೆ ಮಾರೋದು ಹ್ಯಾಗೆ," ಎಂದು ಗೊಣಗಿದ. ಮುಂದೆ ಕೂರುವ ವಿಷಯ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಮುಂದಿನ ವಾರ ಬೆಯ್ಶೆನ್ ಸಾಮಾನು ಹೊತ್ತು ತಾನೇ ಬಂದ. ಕಮಾನಿಗೆ ಇನ್ನೊಂದು ಪಟ್ಟೆ ಸೇರಿಸಿದ, ವೆಲ್ಡಿಂಗ್ ಪಟ್ಟಿ ಕೊಯ್ದು ಚಕ್ರವನ್ನು ಎರಡು ಬೆರಳು ಕಿರಿದು ಮಾಡಿದ. ಇನ್ನು ಮಡ್‌ಗಾರ್ಡಿನ ಅಂಚನ್ನು ಇನ್ನೆಷ್ಟು ಮಡಚಬೇಕೆಂದು ಗುರುತು ಹಾಕಬೇಕು.

"ಈ ಸಲ ಮರಳು ಬೇಡ, ಎಜೆ. ಮನುಷ್ಯರನ್ನೇ ಕೂರಿಸಿ."

ನೆರೆಹೊರೆಯ ಹೆಂಗಸರು ನಗುತ್ತಾ, ಒಬ್ಬರ ಮೈಭಾರ ಒಬ್ಬರು ಆಡಿಕೊಳ್ಳುತ್ತಾ ಹಿಂದೆ ತುಂಬಿಕೊಂಡರು. ಕೆನ್ಜೆಗುಲ್ ತನ್ನ ಜಾಗದಲ್ಲಿ ಕೂತಳು. ಬೆಯ್ಶೆನ್ ಸೀಮೆಸುಣ್ಣ ಹಿಡಿದು ಬಗ್ಗಿದವನು ತಲೆಯೆತ್ತಿ, "ಮುಂದೆ ಒಬ್ಬರು ಕಡಿಮೆ," ಎಂದ.

ಬೆಕ್ತೆನ್ ಹೊಸ್ತಿಲಲ್ಲಿ ಕೋಲೂರಿ ನಿಂತಿದ್ದ. ತಲೆಗೆ, ಹೊರಗೆ ಹೊರಟಾಗ ಹಾಕುವ ಕಲ್ಪಾಕ್ ಟೋಪಿ ಇತ್ತು. ಮನೆಯೊಳಗೆ ಇದ್ದವನಿಗೆ ಟೋಪಿ ಯಾಕೆ ಬೇಕಿತ್ತೋ. ಅಂಗಳ ದಾಟಿ ಬಂದು ಬಾಗಿಲು ತಾನೇ ತೆಗೆದು ಕೂತ. ಎಡಗಾಲು ಹೊರಗೇ ಉಳಿಯಿತು. ಕೆನ್ಜೆಗುಲ್ ಇಳಿದು ಸುತ್ತಿ ಬಂದು, ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟಳು. ಅವನು ಬೈಯಲಿಲ್ಲ. ಅವಳು ವಾಪಸು ಬಂದು ಸ್ಟೀರಿಂಗ್ ಹಿಡಿಯುವ ತನಕ ಸುಮ್ಮನೆ ಕಾದ.

"ಮೂಟೆ ಕೂತಾಯ್ತು," ಎಂದ ಬೆಕ್ತೆನ್, ಕಿಟಕಿಯಿಂದ ಹೊರಕ್ಕೆ. "ಗೆರೆ ಎಳಿ, ಉಸ್ತಾ."